ಜರ್ಮನಿಯಲ್ಲಿ ಓದುವಾಗ ಎಲ್ಲಿರೋದು? ಸಬ್‌ಲೆಟ್, ಡಬ್ಲ್ಯೂಜಿ, ಹಾಸ್ಟೆಲ್

ಜರ್ಮನಿಯ ಆಖೆನ್‌ನಲ್ಲಿ ಮಾಸ್ಟರ್ಸ್ ಮಾಡುವಾಗ ನಾನು ಮೂರು ಥರದ ಕಡೆ ಇದ್ದೆ. ಮೊದಲು ಸಬ್‌ಲೆಟ್ ರೂಮು, ಅಂದರೆ ಬಾಡಿಗೆಗೆ ಇರುವವರೇ ನಮಗೆ ಕೊಡುವ ಒಳಬಾಡಿಗೆ. ಆಮೇಲೆ ಡಬ್ಲ್ಯೂಜಿ, ಅಂದರೆ ಕೆಲವರು ಸೇರಿ ಹಂಚಿಕೊಳ್ಳುವ ಫ್ಲ್ಯಾಟು. ಕೊನೆಗೆ ಸ್ಟುಡೀರೆಂಡೆನ್‌ವೆರ್ಕ್ ಅನ್ನುವ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ಹಾಸ್ಟೆಲ್. ನನ್ನ ಓಟು ಹಾಸ್ಟೆಲ್‌ಗೇ. ಡಬ್ಲ್ಯೂಜಿ ಕೆಟ್ಟದ್ದೇನಲ್ಲ. ಸಬ್‌ಲೆಟ್ ಮಾತ್ರ ಹೊಸದಾಗಿ ಹೋಗುವವರಿಗೆ ಬೇಡವೇ ಬೇಡ.

ಸಬ್‌ಲೆಟ್ ಬೇಗ ಸಿಗುತ್ತದೆ, ಅದು ನಿಜ. ಯಾರೋ ಇಂಟರ್ನ್‌ಶಿಪ್‌ಗೆ ಅಂತ ಬೇರೆ ಊರಿಗೆ ಹೋಗುತ್ತಾರೆ, ಅವರ ರೂಮು ಕೆಲವು ತಿಂಗಳು ಖಾಲಿ ಇರುತ್ತದೆ. ಮಂಚ, ಮೇಜು, ಪಾತ್ರೆ ಎಲ್ಲ ಅಲ್ಲೇ ಇರುತ್ತವೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು. ಆ ಹೊತ್ತಿಗೆ ಎಲ್ಲರೂ ರೂಮಿಗಾಗಿ ಅಲೆಯುತ್ತಿರುತ್ತಾರೆ. ಸೂಟ್‌ಕೇಸ್ ಇಡಲು ಒಂದು ಜಾಗ ಸಿಕ್ಕರೆ ಸಾಕು ಅನ್ನಿಸುವುದು ಸಹಜ ಅಲ್ವಾ?

ನನ್ನನ್ನು ಸುಸ್ತು ಮಾಡಿದ್ದು ಒಂದು ಹಾಳೆ ಕಾಗದ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಅದೇ ಅನ್ಮೆಲ್ಡುಂಗ್. 2015ರ ನವೆಂಬರ್‌ನಿಂದ ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಕಡ್ಡಾಯ. ಬರೀ ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ. ನನಗೆ ರೂಮು ಕೊಟ್ಟ ಹುಡುಗ ಮಾಲೀಕರಿಗೆ ತಿಳಿಸದೆ ಕೊಟ್ಟಿದ್ದ. ಅಲ್ಲಿ ಮಾಲೀಕರ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡುವ ಹಾಗಿಲ್ಲ. ಸಹಿ ಹಾಕಿದರೆ ಸಿಕ್ಕಿಬೀಳುತ್ತೇನೆ ಅಂತ ಅವನಿಗೆ ಭಯ. ‘ಮುಂದಿನ ವಾರ ಕೊಡ್ತೀನಿ’ ಅಂತ ಮೆಸೇಜು ಬರುತ್ತಿತ್ತು. ಕಾಗದ ಬರಲೇ ಇಲ್ಲ.

ಆ ಒಂದು ಸಹಿ ಇಲ್ಲದಿದ್ದರೆ ಎಲ್ಲವೂ ಒಂದರ ಹಿಂದೆ ಒಂದು ನಿಂತುಹೋಗುತ್ತದೆ. ವಿಳಾಸ ಬರೆಸಿದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು. ಅದಿಲ್ಲದೆ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದರೆ ಆರನೇ ತೆರಿಗೆ ವರ್ಗಕ್ಕೆ ಹಾಕಿ ಸಂಬಳದಲ್ಲಿ ತೆರಿಗೆ ಹಿಡಿಯಬಹುದು. ಎಲ್ಲಕ್ಕಿಂತ ಜಾಸ್ತಿ ಕಡಿತ ಇರುವುದು ಅದರಲ್ಲೇ. ರೆಸಿಡೆನ್ಸ್ ಪರ್ಮಿಟ್ ಅರ್ಜಿಗೂ ವಿಳಾಸ ಬರೆಸಿದಾಗ ಕೊಡುವ ನೋಂದಣಿ ಪತ್ರ ಬೇಕು. ಇನ್ನು ಬ್ಲಾಕ್ಡ್ ಅಕೌಂಟು. ವೀಸಾಕ್ಕೆ ಅಂತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ ಅದರಲ್ಲಿ ಇಡಬೇಕು. ತಿಂಗಳಿಗೆ 992 ಮಾತ್ರ ಬಿಡುತ್ತಾರೆ. ಆ ದುಡ್ಡು ಬಂದು ಬೀಳಲು ಇನ್ನೊಂದು ಖಾತೆ ತೆರೆಯಬೇಕು. ನಾನು ಹೋದ ಬ್ಯಾಂಕಿನಲ್ಲಿ ಮೊದಲು ಕೇಳಿದ್ದೇ ಆ ನೋಂದಣಿ ಪತ್ರ. ನನ್ನದೇ ದುಡ್ಡು, ನನ್ನದೇ ಹೆಸರಿನಲ್ಲಿ ಇದೆ, ಮುಟ್ಟುವ ಹಾಗಿಲ್ಲ.

ಅಷ್ಟೇ ಅಲ್ಲ. ಅಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವರು ನೋಡುವುದು ಡಬ್ಬಿಯ ಮೇಲಿನ ಹೆಸರನ್ನು. ನಾನು ಚೀಟಿಯಲ್ಲಿ ನನ್ನ ಹೆಸರು ಬರೆದು, ಸೆಲ್ಲೋಟೇಪ್ ಹಾಕಿ, ಅವನ ಹೆಸರಿನ ಕೆಳಗೆ ಅಂಟಿಸಿದ್ದೆ. ಮಾಲೀಕರ ಕಣ್ಣಿಗೆ ಬಿದ್ದೀತು ಅಂತ ಅವನ ಸ್ನೇಹಿತ ಬಂದು ಕಿತ್ತುಹಾಕಿದ. ಡಬ್ಬಿಯ ಮೇಲೆ ಟೇಪಿನ ಅಂಟು ಮಾತ್ರ ಉಳಿದಿತ್ತು. ಆರೋಗ್ಯ ವಿಮೆಯ ಕಾರ್ಡು ಕಳಿಸಿದವರಿಗೇ ವಾಪಸ್ ಹೋಯಿತು. ಕ್ಲಾಸು, ಭಾಷೆ, ಚಳಿ ಇವೆಲ್ಲ ಹೊಸದಾಗಿರುವ ಹೊತ್ತಿನಲ್ಲೇ ಇದೂ ತಲೆ ಮೇಲೆ ಕೂತಿರುತ್ತದೆ. ಓದಿಗೆ ಮನಸ್ಸು ಎಲ್ಲಿಂದ ಬರಬೇಕು?

ಡಬ್ಲ್ಯೂಜಿಯಲ್ಲಿ ಈ ಗೋಳು ಇರಲಿಲ್ಲ. ಬೀಗದ ಕೈ ಜೊತೆಗೇ ಸಹಿ ಹಾಕಿದ ಪತ್ರ ಕೊಟ್ಟರು. ಆದರೆ ಅಲ್ಲಿಗೆ ಸೇರುವುದೇ ಒಂದು ಇಂಟರ್‌ವ್ಯೂ. ಈಗಾಗಲೇ ಇರುವವರು ಅಡುಗೆಮನೆ ಮೇಜಿನ ಸುತ್ತ ಕೂತು ಮಾತಾಡಿಸುತ್ತಾರೆ. ಎಷ್ಟು ಹೊತ್ತಿಗೆ ಮಲಗುತ್ತೀಯ, ಜೊತೆಗೆ ಅಡುಗೆ ಮಾಡಲು ಇಷ್ಟವಾ, ಗುಡಿಸಿ ಒರೆಸುವ ಪಾಳಿ ತಪ್ಪದೆ ಮಾಡುತ್ತೀಯಾ ಅಂತೆಲ್ಲ. ಅವರಿಗೆ ಹಿಡಿಸಿದರೆ ರೂಮು. ನನಗೆ ಸಿಕ್ಕವರು ಬಹಳ ಒಳ್ಳೆಯವರು. ನನ್ನ ಜರ್ಮನ್ ಭಾಷೆ ಸುಧಾರಿಸಿದ್ದು ಆ ಮನೆಯಲ್ಲೇ. ಅದಕ್ಕೆ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಖರ್ಚು ಮಾತ್ರ ನನ್ನ ಕೈಗೆ ಹತ್ತಲಿಲ್ಲ. ರೂಮು ಖಾಲಿ ಕೊಟ್ಟರು, ಬಲ್ಬು ಕೂಡ ಇರಲಿಲ್ಲ. ಡೆಪಾಸಿಟ್ ಮೂರು ತಿಂಗಳ ‘ಕೋಲ್ಡ್ ರೆಂಟ್’ ತನಕ ಕೇಳಬಹುದು, ಕಾನೂನೇ ಇದೆ. ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ನಮಗಿದೆ, ನೆನಪಿರಲಿ. ಕೋಲ್ಡ್ ರೆಂಟ್ ಅಂದರೆ ಬರೀ ಜಾಗದ ಬಾಡಿಗೆ. ಹೀಟಿಂಗು, ನೀರು ಅದರ ಮೇಲೆ. ಅದೂ ಮುಂಗಡದ ಅಂದಾಜು ಅಷ್ಟೇ. ವರ್ಷ ಮುಗಿದ ಮೇಲೆ ಲೆಕ್ಕ ಹಾಕಿ ಬಾಕಿ ಇದ್ದರೆ ಕೇಳುತ್ತಾರೆ. ಕೈಯಲ್ಲಿ 992 ಇಟ್ಟುಕೊಂಡು ಮುಂದಿನ ವರ್ಷ ಎಷ್ಟು ಬರುತ್ತದೋ ಅಂತ ಕಾಯುವುದು ನನ್ನಂಥವರಿಗೆ ಕಷ್ಟ. ಇನ್ನೊಂದು, ನಾನು ಬೇಗ ಮಲಗಿ ಬೆಳಗಿನ ಜಾವ ಓದುವವಳು. ಆ ಮನೆಯಲ್ಲಿ ಹರಟೆ ಕಳೆಗಟ್ಟುತ್ತಿದ್ದದ್ದೇ ರಾತ್ರಿ ಹತ್ತರ ಮೇಲೆ.

ಹಾಸ್ಟೆಲ್‌ನಲ್ಲಿ ಒಂದೇ ಮೊತ್ತ. ಹೀಟಿಂಗು, ನೀರು, ಕರೆಂಟು, ಇಂಟರ್ನೆಟ್ ಎಲ್ಲ ಅದರಲ್ಲೇ. ನನ್ನ ರೂಮಿಗೆ 300 ಯೂರೋ ಒಳಗೇ ಆಗುತ್ತಿತ್ತು. ಸರ್ಕಾರ ತನ್ನ ವಿದ್ಯಾರ್ಥಿ ಸಹಾಯಧನದಲ್ಲಿ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಮನೆ ಖರ್ಚಿಗೆ ಅಂತ ಹಿಡಿದಿರುವುದು 380. ಹಾಗಾಗಿ ನನ್ನದು ಅಗ್ಗವೇ. ಮಂಚ, ಮೇಜು, ಕಪಾಟು ಇದ್ದವು. ಅನ್ಮೆಲ್ಡುಂಗ್‌ಗೆ ಬೇಕಾದ ಸಹಿಯ ಪತ್ರ ಕೇಳುವ ಮೊದಲೇ ಫೈಲಿನಲ್ಲಿತ್ತು. ಕಾರಿಡಾರಿನವರಿಗೆಲ್ಲ ಒಂದೇ ಅಡುಗೆಮನೆ, ಆದರೆ ಫ್ರಿಜ್ಜಿನಲ್ಲಿ ನನ್ನ ಖಾನೆಗೆ ಬೇರೆ ಬೀಗ. ಬೆಳಗ್ಗೆ ಐದಕ್ಕೆ ಅಲ್ಲಿ ಯಾರೂ ಇರುವುದಿಲ್ಲ. ಕಾಫಿ ಮಾಡಿಕೊಂಡು ರೂಮಿಗೆ ಬಂದು ಓದಲು ಕೂರುತ್ತಿದ್ದೆ.

ಕೊರತೆಗಳೂ ಇವೆ. ರೇಡಿಯೋ, ಟೀವಿ ಶುಲ್ಕ ಅಂತ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಇದೆ, ಟೀವಿ ಇಲ್ಲದಿದ್ದರೂ ಕಟ್ಟಬೇಕು. ಡಬ್ಲ್ಯೂಜಿಯಲ್ಲಿ ಇಡೀ ಫ್ಲ್ಯಾಟಿಗೆ ಒಂದೇ ಶುಲ್ಕ, ನಾಲ್ವರು ಹಂಚಿಕೊಂಡರೆ 4.59. ಎಲ್ಲರೂ ಓಡಾಡುವ ಕಾರಿಡಾರಿಗೆ ಬಾಗಿಲು ಇರುವ ಹಾಸ್ಟೆಲ್ ರೂಮನ್ನು ಮಾತ್ರ ಬೇರೆ ಮನೆ ಅಂತಲೇ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಪೂರ್ತಿ ನಾನೇ ಕಟ್ಟಿದೆ. ಜರ್ಮನ್ ಮಾತಾಡುವ ಅವಕಾಶವೂ ಕಡಿಮೆ, ಕಾರಿಡಾರಿನಲ್ಲಿ ನಡೆಯುವುದು ಇಂಗ್ಲಿಷೇ. ಎಷ್ಟು ಸೆಮಿಸ್ಟರ್ ಇರಬಹುದು ಅನ್ನುವುದಕ್ಕೂ ಮಿತಿ ಇದೆ. ಎಲ್ಲಕ್ಕಿಂತ ದೊಡ್ಡ ತೊಡಕು ಸರದಿ. ಮ್ಯೂನಿಕ್‌ನಂಥ ಊರಲ್ಲಿ ಸೆಮಿಸ್ಟರ್‌ಗಟ್ಟಲೆ ಕಾಯಬೇಕಾಗುತ್ತದೆ.

ಆದರೂ ಬ್ಲಾಕ್ಡ್ ಅಕೌಂಟಿನ ದುಡ್ಡಲ್ಲೇ ತಿಂಗಳು ದೂಡುವವರಿಗೆ ನಾನು ಹಾಸ್ಟೆಲ್ಲನ್ನೇ ಹೇಳುತ್ತೇನೆ. ಡೆಪಾಸಿಟ್‌ಗೆ ದುಡ್ಡಿದ್ದು, ಭಾಷೆ ಚೆನ್ನಾಗಿ ಕಲಿಯುವ ಆಸೆ ಇದ್ದು, ರಾತ್ರಿ ಜನರ ಜೊತೆ ಕೂರುವುದು ಇಷ್ಟ ಅಂದರೆ ಡಬ್ಲ್ಯೂಜಿ. ಬೇರೆ ದಾರಿಯೇ ಇಲ್ಲದೆ ಸಬ್‌ಲೆಟ್ ಹಿಡಿಯುವುದಾದರೆ ಅನ್ಮೆಲ್ಡುಂಗ್ ಪತ್ರಕ್ಕೆ ಸಹಿ ಹಾಕುತ್ತೇನೆ ಅಂತಲೂ, ಮಾಲೀಕರ ಒಪ್ಪಿಗೆ ಇದೆ ಅಂತಲೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅದು ಕೈಗೆ ಬರುವವರೆಗೆ ಒಂದು ಯೂರೋ ಕೂಡ ಕಳಿಸಬೇಡಿ. ಹಾಸ್ಟೆಲ್ ಅರ್ಜಿಯನ್ನು ಮಾತ್ರ ವೀಸಾ ಬರಲಿ ಅಂತ ಕಾಯದೆ ಅಡ್ಮಿಷನ್ ಪತ್ರ ಬಂದ ದಿನವೇ ಹಾಕಿ. ಕೆಲವು ಊರುಗಳಲ್ಲಿ ಅದಕ್ಕೂ ಮುಂಚೆಯೇ ತೆಗೆದುಕೊಳ್ಳುತ್ತಾರೆ.