ಆರು ವರ್ಷ, ಒಂಬತ್ತು ಹಳೆಯ ಕ್ಷೌರದ ಕತ್ತಿ: ಕೊಟ್ಟ ಹಣ, ಸಿಕ್ಕ ಅಲಗು

2019ರ ಚಳಿಗಾಲದಲ್ಲಿ ನಾನು ಕೊಂಡ ಮೊದಲ ಹಳೆಯ ಕ್ಷೌರದ ಕತ್ತಿಗೆ 65 ಪೌಂಡ್ ತೆತ್ತೆ. ಅದು 15 ಪೌಂಡಿಗೂ ಬಾಳುತ್ತಿರಲಿಲ್ಲ. ಅಂದಿನಿಂದ ಆನ್‌ಲೈನ್ ಹರಾಜಿನಲ್ಲಿ ಒಟ್ಟು ಒಂಬತ್ತು ಕತ್ತಿ ಕೊಂಡಿದ್ದೇನೆ. ಐದು ದಿನಬಳಕೆಯಲ್ಲಿವೆ, ಎರಡನ್ನು ಮಾರಿದೆ, ಒಂದು ಲಕೋಟೆ ಒಡೆಯಲು ಮೇಜಿನ ಮೇಲಿದೆ, ಇನ್ನೊಂದರ ಪಾಡನ್ನು ಮುಂದೆ ಹೇಳುತ್ತೇನೆ. ವಾಸ ಇಂಗ್ಲೆಂಡಿನ ಡರ್ಬಿಯಲ್ಲಿ. ಶೆಫೀಲ್ಡ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕತ್ತಿಗಳ ತವರು ಇಷ್ಟು ಹತ್ತಿರವಿದ್ದೂ ಮೋಸ ಹೋದೆನಲ್ಲ ಎಂಬ ನಾಚಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಆ ಮೊದಲ ಕತ್ತಿಯ ಮೇಲೆ ಕಿರೀಟವೂ 'ಜಿ ಆರ್' ಎಂಬ ರಾಜಮುದ್ರೆಯೂ ಇದ್ದವು. ಮಾರಾಟಗಾರ ಅದನ್ನು '1820ರ ಸುಮಾರಿನ, ನಾಲ್ಕನೆಯ ಜಾರ್ಜ್ ಕಾಲದ್ದು' ಎಂದು ಬರೆದಿದ್ದ. ಜಾರ್ಜ್ ಹೆಸರಿನ ದೊರೆಗಳು ಇಪ್ಪತ್ತನೆಯ ಶತಮಾನದಲ್ಲಿಯೂ ಇಬ್ಬರಿದ್ದರೆಂಬುದು ನನಗೆ ಹೊಳೆಯಲೇ ಇಲ್ಲ. ಅದೇ ಅಲಗಿನ ಬುಡದಲ್ಲಿ 'ಶೆಫೀಲ್ಡ್, ಇಂಗ್ಲೆಂಡ್' ಎಂದು ಸ್ಪಷ್ಟವಾಗಿ ಒತ್ತಿತ್ತು. ಅಮೆರಿಕ 1890ರಲ್ಲಿ ತಂದ ಮೆಕಿನ್ಲಿ ಸುಂಕದ ಕಾಯಿದೆಯ ಪ್ರಕಾರ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಕಡ್ಡಾಯವಾಯಿತು. ಶೆಫೀಲ್ಡ್‌ನ ಕತ್ತಿಗಳಿಗೆ ಅಮೆರಿಕ ದೊಡ್ಡ ಗಿರಾಕಿ. ಹಾಗಾಗಿ ಊರಿನ ಹೆಸರಿನ ಪಕ್ಕದಲ್ಲಿ 'ಇಂಗ್ಲೆಂಡ್' ಕಂಡರೆ ಅದನ್ನು 1890ರ ನಂತರದ್ದೆಂದೇ ನಾನು ಎಣಿಸುತ್ತೇನೆ. ಬರೀ 'ಶೆಫೀಲ್ಡ್' ಇದ್ದರೆ ಹಳೆಯದಿರಬಹುದು, ಆದರೆ ಅದೊಂದನ್ನೇ ನಂಬಿ ಹಣ ಎಣಿಸುವುದಿಲ್ಲ. ನನ್ನ ಕತ್ತಿ ಐದನೆಯ ಜಾರ್ಜ್ ಕಾಲದ್ದು. ನೂರು ವರ್ಷದ ಸುಳ್ಳಿಗೆ ಐವತ್ತು ಪೌಂಡ್ ದಂಡ.

ವಯಸ್ಸಿನ ಮಾತು ಅಲ್ಲಿಗೆ ಬಿಡೋಣ. ಮುಖಕ್ಕೆ ಬೇಕಾದದ್ದು ಉಕ್ಕು. ಅದರ ಬೆಲೆ ಅಲಗಿನ ಬೆನ್ನಿನಲ್ಲಿ ಬರೆದಿರುತ್ತದೆ. ಸಾಣೆಕಲ್ಲಿನ ಮೇಲೆ ಈ ಕತ್ತಿಯನ್ನು ಬೆನ್ನೂ ಬಾಯಿಯೂ ಒಟ್ಟಿಗೆ ತಾಗುವಂತೆ ಚಪ್ಪಟೆಯಾಗಿ ಮಲಗಿಸಿ ಎಳೆಯುತ್ತಾರೆ. ಕೋನ ಹಿಡಿದುಕೊಡುವುದೇ ಬೆನ್ನು. ಅಲಗು 16 ಮಿಲಿಮೀಟರ್ ಅಗಲ, ಬೆನ್ನು 4.5 ಮಿಲಿಮೀಟರ್ ದಪ್ಪ ಇದ್ದರೆ ಬಾಯಿಯ ಕೋನ 16 ಡಿಗ್ರಿಯ ಆಸುಪಾಸು ಬರುತ್ತದೆ; ಅದು ಒಳ್ಳೆಯ ಲೆಕ್ಕ. ತಲೆಮಾರುಗಟ್ಟಲೆ ಮಸೆದ ಕತ್ತಿಯ ಬೆನ್ನಿನ ಮೇಲೆ ಹೊಳೆಯುವ ಚಪ್ಪಟೆ ಪಟ್ಟಿ ಮೂಡಿರುತ್ತದೆ. ಆ ಪಟ್ಟಿ ತೆಳುವಾಗಿ, ಈ ತುದಿಯಿಂದ ಆ ತುದಿಗೆ ಒಂದೇ ಅಗಲವಾಗಿದ್ದರೆ ಚಿಂತೆಯಿಲ್ಲ. ಬುಡದಲ್ಲಿ ಅಗಲವಾಗಿ ತುದಿಗೆ ಸಪೂರವಾದರೆ ಯಾರೋ ಕೈ ಓರೆ ಹಿಡಿದು ಮಸೆದಿದ್ದಾರೆ. ಅದನ್ನು ಸರಿಪಡಿಸುವ ಹೊತ್ತಿಗೆ ಕತ್ತಿಯ ಕಾಲು ಭಾಗ ಕಲ್ಲಿನ ಪಾಲಾಗುತ್ತದೆ. ಬೆನ್ನಿನ ಚಿತ್ರ ಹಾಕದ ಮಾರಾಟಗಾರನಿಗೆ ನಾನು ಮೊದಲು ಬರೆಯುವುದೇ 'ದಯವಿಟ್ಟು ಬೆನ್ನಿನ ಮೇಲಿಂದ ಒಂದು ಚಿತ್ರ ತೆಗೆದು ಕಳುಹಿಸಿ' ಎಂದು. ಉತ್ತರ ಬಾರದಿದ್ದರೆ ಅದೇ ಉತ್ತರ.

ಬಾಯಿಯ ಪರೀಕ್ಷೆ ಇನ್ನೂ ಸುಲಭ. ಮೊಬೈಲ್ ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ, ಕಾಗದದ ನೇರ ಅಂಚನ್ನು ಕತ್ತಿಯ ಬಾಯಿಗೆ ಹೊಂದಿಸುತ್ತೇನೆ. ನಡುವೆ ಬೆಳಕು ಇಣುಕಿದರೆ ಬಾಯಿ ಒಳಕ್ಕೆ ಬಾಗಿದೆ ಎಂದೇ ಅರ್ಥ. ಅಂಥದ್ದು ಕೆನ್ನೆಗೆ ಒಪ್ಪುವುದಿಲ್ಲ, ಬೆಲೆ ಅರ್ಧಕ್ಕಿಂತ ಕೆಳಗಿಳಿಯಬೇಕು. ಹೊರಕ್ಕೆ ಬಾಗಿದ್ದರೆ ದೋಷವಲ್ಲ, ಕೆಲವರು ಅದನ್ನೇ ಬಯಸುತ್ತಾರೆ. ತುಕ್ಕಿನ ಕಪ್ಪು ಚುಕ್ಕೆಗಳು ಬೆನ್ನಿನ ಬಳಿ ಇದ್ದರೆ ಇರಲಿ. ಬಾಯಿಯ ಕೊನೆಯ ಎರಡು ಮೂರು ಮಿಲಿಮೀಟರಿನಲ್ಲಿ ಇದ್ದರೆ ಮಸೆದಂತೆಲ್ಲ ಹೊಸ ಹೊಸ ಕಚ್ಚು ಬೀಳುತ್ತದೆ. ಹಾಸನದ ನಮ್ಮ ಮನೆಗೆ ಭಾನುವಾರ ಹಡಪ ಹೊತ್ತು ಬರುತ್ತಿದ್ದ ಕ್ಷೌರಿಕಜ್ಜ ಕತ್ತಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಬಾಯಿ ಎಲ್ಲಿಯಾದರೂ ಮಿನುಗಿದರೆ ಅಲ್ಲಿ ಮೊಂಡು, ಕಾಣದಂತಿದ್ದರೆ ಹರಿತ. ಕಿಟಕಿಯ ಬಳಿ ತೆಗೆದ ಒಳ್ಳೆಯ ಚಿತ್ರ ಸಿಕ್ಕರೆ ಆ ಅಜ್ಜನ ಪರೀಕ್ಷೆಯನ್ನು ಇಲ್ಲಿಯೂ ನಡೆಸುತ್ತೇನೆ.

ಇನ್ನು ಕನ್ನಡಿಯಂತೆ ಥಳಥಳಿಸುವ ಕತ್ತಿಗಳು. ಹೆಚ್ಚು ಹಣಕ್ಕೆ ಹೋಗುವುದೂ, ನಾನು ಹೆಚ್ಚು ಅಂಜುವುದೂ ಇವಕ್ಕೇ. ವಿದ್ಯುತ್ ಚಕ್ರಕ್ಕೆ ಹಿಡಿದು ಉಜ್ಜಿದಾಗ ತೆಳುವಾದ ಬಾಯಿ ಕ್ಷಣದಲ್ಲಿ ಕಾಯುತ್ತದೆ, ಉಕ್ಕಿನ ಹದ ಇಳಿದುಹೋಗುತ್ತದೆ. ಮೇಲೆ ಮತ್ತೆ ಉಜ್ಜಿದರೆ ಕಾದ ಬಣ್ಣವೂ ಅಳಿಸಿಹೋಗುತ್ತದೆ. ಗುರುತು ಹಿಡಿಯಲು ಮುದ್ರೆಯ ಅಕ್ಷರ ನೋಡಿ. ಅಕ್ಷರದ ಅಂಚು ಸವೆದು ಸಾಬೂನಿನ ಮೇಲಿನ ಬರಹದಂತೆ ನುಣ್ಣಗಾಗಿದ್ದರೆ ಚಕ್ರ ಕಂಡ ಕತ್ತಿ ಅದು. ಮಂಕಾದ, ಕೊಳೆ ಕೂತ, ಆದರೆ ಅಕ್ಷರ ಚೂಪಾಗಿರುವ ಕತ್ತಿಗೆ ನಾನು ಕಣ್ಣುಮುಚ್ಚಿ ಹತ್ತು ಪೌಂಡ್ ಹೆಚ್ಚು ಕೊಡುತ್ತೇನೆ.

ಆ ಒಂಬತ್ತನೆಯ ಕತ್ತಿಯ ಪಾಡು ಹಿಡಿಯಿಂದ ಬಂದದ್ದು. ಜರ್ಮನಿಯ ಸೋಲಿಂಗನ್‌ನ ಚೆಂದದ ಅಲಗು, ಜೇನಿನ ಬಣ್ಣದ ಪಾರದರ್ಶಕ ಹಿಡಿ, 38 ಪೌಂಡ್. ಪೊಟ್ಟಣ ಬಿಚ್ಚಿದಾಗ ದೇವರ ಕೋಣೆಯ ವಾಸನೆ ಬಂತು. ಕರ್ಪೂರ! ಆ ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನದು, ಅದನ್ನು ಮಾಡುವುದೇ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ. ಅದು ಕೊಳೆಯತೊಡಗಿದರೆ ಮೊದಲು ಕರ್ಪೂರ ಹಾರುತ್ತದೆ, ಆಮೇಲೆ ಹೊರಡುವ ಆಮ್ಲದ ಆವಿ ಉಕ್ಕನ್ನು ತಿನ್ನುತ್ತದೆ. ನನಗೆ ಪರಿಮಳವೆನಿಸಿತು, ಪೆಟ್ಟಿಗೆಯಲ್ಲಿ ಉಳಿದವುಗಳ ಜೊತೆಗೇ ಇಟ್ಟೆ. ಮೂರು ತಿಂಗಳಿಗೆ ಅಲಗಿನಲ್ಲಿ ಹಿಡಿಯೊಳಗೆ ಮಡಚಿ ಕೂರುವಷ್ಟು ಭಾಗ ಮಾತ್ರ ಕೆಂಪು ತುಕ್ಕಾಗಿ ಹರಡಿತ್ತು, ಪಕ್ಕದಲ್ಲಿದ್ದ ಕತ್ತಿಗೂ ಸೋಂಕಿತ್ತು. ಈಗ ಚಿತ್ರದಲ್ಲಿ ಹಿಡಿಯ ಮೇಲೆ ಹರಳುಗಟ್ಟಿದ ಬಿರುಕು, ಅದರ ಎದುರಿಗೇ ಅಲಗಿನಲ್ಲಿ ತುಕ್ಕು ಕಂಡರೆ ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಕೊಂಬಿನ ಹಿಡಿಯಾದರೆ ಹುಳು ತಿಂದ ತೂತು, ಮೊಳೆಯ ಬಳಿ ಬಿರುಕು ಇಷ್ಟನ್ನು ನೋಡಿದರೆ ಸಾಕು.

ಆನೆದಂತದ ಹಿಡಿಯ ತಂಟೆಗೆ ಹೋಗಲೇಬೇಡಿ. ದಂತದ ವಸ್ತುಗಳ ಮಾರಾಟ ತಡೆಯುವ ಬ್ರಿಟನ್ನಿನ ದಂತ ಕಾಯಿದೆ 2022ರ ಜೂನ್‌ನಿಂದ ಜಾರಿಯಲ್ಲಿದೆ. ದಂತದ ಪಾಲು ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ 1947ಕ್ಕೆ ಹಿಂದಿನ ವಸ್ತುವಿಗೆ ವಿನಾಯಿತಿ ಉಂಟು, ಆದರೆ ಎರಡೂ ಬದಿ ದಂತವಿರುವ ಕತ್ತಿ ಆ ಲೆಕ್ಕಕ್ಕೆ ಬರುವುದಿಲ್ಲ. 'ಫ್ರೆಂಚ್ ಐವರಿ' ಎಂಬ ಹೆಸರು ಕಂಡು ಬೆದರುವುದೂ ಬೇಡ, ಹೆಚ್ಚು ಕೊಡುವುದೂ ಬೇಡ. ಅದು ಅದೇ ಕರ್ಪೂರದ ಸೆಲ್ಯುಲಾಯ್ಡ್.

'ಸಿಲ್ವರ್ ಸ್ಟೀಲ್' ಎಂಬ ಮುದ್ರೆಗೂ ನಾನು ಹೆಚ್ಚುವರಿ ಕಾಸು ಕೊಡುವುದಿಲ್ಲ. ವಿಜ್ಞಾನಿ ಮೈಕೆಲ್ ಫ್ಯಾರಡೆಯೂ ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕನೂ 1820ರ ಹೊತ್ತಿಗೆ ಭಾರತದ ವೂಟ್ಜ್ ಉಕ್ಕಿನ ಗುಟ್ಟು ಹುಡುಕುತ್ತ ಉಕ್ಕಿಗೆ 500ರಲ್ಲಿ ಒಂದು ಪಾಲು ಬೆಳ್ಳಿ ಬೆರೆಸಿ ನೋಡಿದ್ದರು. ಆ ಹೆಸರಿಗೆ ಮರುಳಾದ ಕಾರ್ಖಾನೆಗಳು ಬೆಳ್ಳಿಯನ್ನು ಬಿಟ್ಟು ಹೆಸರನ್ನು ಮಾತ್ರ ಉಳಿಸಿಕೊಂಡವು. ವೂಟ್ಜ್ ಎಂಬುದೇ ನಮ್ಮ 'ಉಕ್ಕು' ಶಬ್ದದ ಅಪಭ್ರಂಶವೆಂದು ಹಲವರು ಹೇಳುತ್ತಾರೆ. ಆ ಹೆಮ್ಮೆಗೇ ನಾನೊಮ್ಮೆ 12 ಪೌಂಡ್ ಹೆಚ್ಚು ಕೂಗಿದ್ದೆ, ಅದೃಷ್ಟಕ್ಕೆ ಬೇರೆಯವರು ಗೆದ್ದರು.

ಹಾಗಾದರೆ ನ್ಯಾಯವಾದ ಬೆಲೆ ಎಷ್ಟು? ಕೇಳಿದ ಬೆಲೆಯನ್ನು ನಾನು ನೋಡುವುದೇ ಇಲ್ಲ, ಕೇಳಲು ಯಾರಿಗೂ ಕಾಸು ಬೇಕಿಲ್ಲ. ಹರಾಜು ತಾಣದಲ್ಲಿ 'ಮಾರಾಟವಾದವು' ಎಂಬ ಗುಂಡಿ ಒತ್ತಿ, ಅದೇ ಕಾರ್ಖಾನೆ, ಅದೇ ಅಗಲದ ಕತ್ತಿಗಳು ಕೊನೆಗೆ ಎಷ್ಟಕ್ಕೆ ಹೋದವೆಂದು ಬರೆದುಕೊಳ್ಳುತ್ತೇನೆ. ಅಗಲವನ್ನು ಇಂಚಿನ ಎಂಟನೇ ಭಾಗದಲ್ಲಿ ಹೇಳುವುದು ರೂಢಿ. 5/8 ಎಲ್ಲೆಲ್ಲೂ ಸಿಗುತ್ತದೆ, 7/8 ದಾಟಿದರೆ ಬೆಲೆ ಜಿಗಿಯುತ್ತದೆ. ಬರೆದುಕೊಂಡ ಬೆಲೆಯಲ್ಲಿ ಸಾಣೆ ಹಿಡಿಸುವ ಖರ್ಚನ್ನು ಕಳೆಯುತ್ತೇನೆ. ಸಾಣೆಗೆ ನಾನು ಕೊಡುವುದು ಒಂದು ಕತ್ತಿಗೆ 22 ಪೌಂಡ್, ಅಂಚೆ ಬೇರೆ. 'ಈಗಲೇ ಬಳಸಬಹುದು' ಎಂದು ಬರೆದಿದ್ದ ನಾಲ್ಕು ಕತ್ತಿ ಕೊಂಡೆ, ಒಂದು ಮಾತ್ರ ನಿಜವಾಗಿಯೂ ಕೂದಲು ಕತ್ತರಿಸಿತು.

ನನ್ನ ಲೆಕ್ಕದಲ್ಲಿ ಗೆದ್ದದ್ದು ಕ್ಯಾಡ್ಮನ್ ಕಾರ್ಖಾನೆಯ 'ಬೆಂಗಾಲ್'. 5/8 ಅಗಲ, ಕಪ್ಪು ಹಿಡಿ, ಚಿತ್ರದಲ್ಲಿ ಮಣ್ಣಿನಿಂದ ಅಗೆದು ತೆಗೆದಂತಿತ್ತು. ಬಹುಶಃ ಅದಕ್ಕೇ ಪೈಪೋಟಿ ಇರಲಿಲ್ಲ, 18 ಪೌಂಡಿಗೆ ಬಂತು, ಸಾಣೆ ಸೇರಿ 40. ನಾಲ್ಕು ವರ್ಷದಿಂದ ಹೆಚ್ಚಿನ ದಿನ ಅದೇ ಕೈಗೆ ಬರುತ್ತದೆ. ಪ್ರತಿ ಸಲ ಚರ್ಮದ ಪಟ್ಟಿಗೆ ನಲವತ್ತು ಸಲ ಎಳೆಯುತ್ತೇನೆ, ಆರು ತಿಂಗಳಿಗೊಮ್ಮೆ ಕಲ್ಲು ತೋರಿಸುತ್ತೇನೆ, ಒರೆಸಿ ಒಂದು ಹನಿ ಎಣ್ಣೆ ಸವರುತ್ತೇನೆ. ಜೋಸೆಫ್ ರಾಜರ್ಸ್ ಕಾರ್ಖಾನೆಯ ಕತ್ತಿಗೆ 70 ಕೊಟ್ಟೆ. ನಕ್ಷತ್ರ ಮತ್ತು ಶಿಲುಬೆಯ ಆ ಮುದ್ರೆಗಾಗಿ ಅರ್ಧ ಹಣ ಹೋಯಿತು ಎಂದು ಗೊತ್ತಿದ್ದೇ ಕೊಟ್ಟೆ, ವಿಷಾದವಿಲ್ಲ. ಆದರೆ ಕೆನ್ನೆಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಈಗ ಕಣ್ಣಿರುವುದು ವೇಡ್ ಅಂಡ್ ಬುಚರ್ ಕಾರ್ಖಾನೆಯ ಒಂದು ಕತ್ತಿಯ ಮೇಲೆ. 7/8 ಅಗಲ, ಬೆಣೆಯಂಥ ದಪ್ಪ ಅಲಗು, ಕೊಂಬಿನ ಹಿಡಿ, ಬರೀ 'ಶೆಫೀಲ್ಡ್' ಮುದ್ರೆ. ನನ್ನ ಮಿತಿ 60 ಪೌಂಡ್. ಹರಾಜು ಭಾನುವಾರ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಬೆನ್ನಿನ ಚಿತ್ರ ಕೇಳಿ ಮೂರು ದಿನವಾಯಿತು, ಇನ್ನೂ ಬಂದಿಲ್ಲ.