ಕಾಯಿಲೆ ಹಕ್ಕಿಗೆ ರಟ್ಟಿನ ಡಬ್ಬವೋ, ಸಣ್ಣ ಪಂಜರವೋ?

ರಾಯಚೂರಿನಲ್ಲಿ ಬಜರಿಗಾರ್ ಎಂಬ ಪುಟ್ಟ ಗಿಳಿ ಸಾಕುವವರು ಒಂದು ಬೇರೆ ಗೂಡು ಮೊದಲೇ ಸಿದ್ಧ ಇಟ್ಟಿರಬೇಕು. ಹಕ್ಕಿ ರೋಗ ಮುಚ್ಚಿಡುತ್ತದೆ. ಗರಿ ಉಬ್ಬಿಸಿ ತಳದಲ್ಲಿ ಕೂತ ಮೇಲೆ ಹುಡುಕಾಡಲು ಹೊತ್ತಿರುವುದಿಲ್ಲ.

ರಟ್ಟಿನ ಡಬ್ಬ ಪುಕ್ಕಟೆ. ಒಳಗೆ ಕತ್ತಲಿರುವುದರಿಂದ ಹಕ್ಕಿ ಗಾಬರಿಯಾಗದು, ಗಾಳಿಗೆ ತೂತು ಕೊರೆದರೆ ಪಶು ಆಸ್ಪತ್ರೆಗೆ ಒಯ್ಯಲು ಇದೇ ಸರಿ. ಒಳಗೆ ಬಲ್ಬ್ ಮಾತ್ರ ಬೇಡ, ಬೆಂಕಿಯ ಭಯ.

ಸಣ್ಣ ಪಂಜರಕ್ಕೆ ದುಡ್ಡು ಬೇಕು. ಆದರೆ ಹಿಕ್ಕೆಯ ಬಣ್ಣ, ಉಸಿರಾಟ, ಉಳಿದ ನವಣೆ ಎಲ್ಲ ಕಣ್ಣಿಗೆ ಬೀಳುತ್ತದೆ. ಮೂರು ಬದಿ ಬಟ್ಟೆ ಹೊದಿಸಿ, ಹೊರಗಿನಿಂದ ಒಂದೇ ಬದಿಗೆ ಶಾಖ ಕೊಟ್ಟು 30 ಡಿಗ್ರಿ ಆಸುಪಾಸು ಇಡಬಹುದು. ಸೆಕೆಯಾದರೆ ಹಕ್ಕಿಯೇ ಆಚೆ ಸರಿಯುತ್ತದೆ. ಮನೆಯ ಆರೈಕೆಗೆ ನನ್ನ ಮತ ಇದಕ್ಕೇ. (ಮೇ ತಿಂಗಳ ನಮ್ಮ ಬಿಸಿಲಿಗೆ ಶಾಖದ ಮಾತೇ ಬೇಡ!) ಚಳಿಗಾಲದಲ್ಲಿ ಕರೆಂಟ್ ಹೋದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕಕ್ಕಿಡಿ.