‘ಬ್ಯಾಂಕಿನ ಫೋನ್ ಎತ್ತಬೇಡಿ’ ಅಂದವರ ಮಾತು ಕೇಳಿ ಕೆಟ್ಟೆ

ಹೋದ ವಾರ ಅಂಗಡಿಗೆ ಒಬ್ಬರು ಛಾಪಾ ಕಾಗದದ ಒಪ್ಪಂದ ಒಂದನ್ನು ಜೆರಾಕ್ಸ್ ಮಾಡಿಸಲು ತಂದರು. ಮೆಷಿನ್ ಗಾಜಿನ ಮೇಲೆ ಇಡುವಾಗ ಮೊದಲ ಸಾಲು ಕಣ್ಣಿಗೆ ಬಿತ್ತು. ಕೈ ಅಲ್ಲೇ ನಿಂತಿತು. ಬ್ಯಾಂಕ್ ಸಾಲವನ್ನು ಕಡಿಮೆ ದುಡ್ಡಿಗೆ ಮುಗಿಸಿಕೊಡುತ್ತೇವೆ ಅಂದ ಕಂಪನಿಯೊಂದರ ಜೊತೆ ನಾನು ಸಹಿ ಮಾಡಿದ್ದ ಒಪ್ಪಂದದಲ್ಲಿದ್ದ ಮಾತುಗಳೇ. ಕಂಪನಿಯ ಹೆಸರು ಮಾತ್ರ ಬೇರೆ. ‘ಸರ್, ದುಡ್ಡು ಕೊಟ್ಟಾಯ್ತಾ?’ ಅಂದೆ. ‘ನಾಳೆ ಕೊಡಬೇಕು’ ಅಂದರು. ಅವರನ್ನು ಕೂರಿಸಿ, ಚಹಾ ತರಿಸಿ, ನನಗಾದದ್ದನ್ನು ಪೂರ್ತಿ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾಚಿಕೆಗೆ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ದಾವಣಗೆರೆಯಲ್ಲಿ ಕಾಲೇಜಿನ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿ. ಕೊರೊನಾ ಮುಗಿದು ಕಾಲೇಜು ತೆರೆದರೂ ಮೊದಲಿನ ವ್ಯಾಪಾರ ಬರಲಿಲ್ಲ. ಹುಡುಗರ ನೋಟ್ಸ್ ಎಲ್ಲಾ ಮೊಬೈಲ್‌ಗೆ ಹೋಗಿಬಿಟ್ಟಿತ್ತು. ಕಲರ್ ಪ್ರಿಂಟ್ ಮೆಷಿನ್ ತಂದರೆ ಕೈ ಹಿಡಿಯಬಹುದು ಅಂತ 2023ರಲ್ಲಿ 3 ಲಕ್ಷ ಪರ್ಸನಲ್ ಲೋನ್ ತೆಗೆದೆ. ಮರು ವರ್ಷ ಅಮ್ಮನ ಸೊಂಟದ ಆಪರೇಷನ್. ಅದಕ್ಕೆ ಕ್ರೆಡಿಟ್ ಕಾರ್ಡ್. ಆ ಕಾರ್ಡಿನ ಬಿಲ್ ಕಟ್ಟಲು ಇನ್ನೊಂದು ಕಾರ್ಡ್. ತಿಂಗಳು ತಿಂಗಳು ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಕಟ್ಟಿದರೆ ಸಾಕು ಅಂದುಕೊಂಡಿದ್ದೆ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು. ಅಂದರೆ ವರ್ಷಕ್ಕೆ ಶೇ. 40ಕ್ಕಿಂತ ಜಾಸ್ತಿ. ಆ ಬಡ್ಡಿಯ ಮೇಲೆ ಜಿಎಸ್‌ಟಿ ಬೇರೆ. ಮಿನಿಮಮ್ ಕಟ್ಟುತ್ತಾ ಹೋದರೆ ಅಸಲು ಕರಗುವುದೇ ಇಲ್ಲ. 2025ರ ಹೊತ್ತಿಗೆ ಎಲ್ಲಾ ಸೇರಿ ತಿಂಗಳಿಗೆ 19 ಸಾವಿರ ಕಟ್ಟಬೇಕಿತ್ತು. ಅಂಗಡಿ ಬಾಡಿಗೆ ಕಳೆದು ನನಗೆ ಉಳಿಯುತ್ತಿದ್ದದ್ದು 25 ಸಾವಿರ. ಆದರೂ ಒಂದು ವಿಷಯ ನೆನಪಿಡಿ, ಅಲ್ಲಿಯವರೆಗೆ ಒಂದು ಕಂತೂ ತಪ್ಪಿಸಿರಲಿಲ್ಲ.

ಆ ಸಮಯದಲ್ಲೇ ಫೇಸ್‌ಬುಕ್‌ನಲ್ಲಿ ಜಾಹೀರಾತು ಕಂಡೆ. ‘ಸಾಲ ಅರ್ಧಕ್ಕೆ ಇಳಿಸುತ್ತೇವೆ, ರಿಕವರಿಯವರ ಕಾಟ ನಿಲ್ಲಿಸುತ್ತೇವೆ.’ ಪಿ.ಬಿ. ರಸ್ತೆಯ ಕಡೆ ಒಂದು ಮಹಡಿಯಲ್ಲಿ ಕಚೇರಿ. ಗೋಡೆಗೆ ಕಂಪನಿ ರಿಜಿಸ್ಟ್ರೇಷನ್ ಮತ್ತು ಜಿಎಸ್‌ಟಿ ಪತ್ರಗಳಿಗೆ ಫ್ರೇಮ್ ಹಾಕಿಸಿ ತೂಗುಹಾಕಿದ್ದರು. ಅವನ್ನು ನೋಡಿ ಸರ್ಕಾರವೇ ಒಪ್ಪಿದ ಸಂಸ್ಥೆ ಅಂದುಕೊಂಡೆ. ಆ ಪತ್ರ ಯಾವ ವ್ಯಾಪಾರಕ್ಕೂ ಸಿಗುತ್ತದೆ, ನನ್ನ ಜೆರಾಕ್ಸ್ ಅಂಗಡಿಗೂ ಸಿಗುತ್ತದೆ. ಸಾಲ ಸೆಟಲ್‌ಮೆಂಟ್ ಮಾಡಿಸಿಕೊಡುವ ಇಂಥ ಕಂಪನಿಗಳಿಗೆ ಆರ್‌ಬಿಐ ಲೈಸೆನ್ಸ್ ಕೊಡುವುದಿಲ್ಲ.

ಮೇಜಿನ ಮೇಲೆ ಪೇಪರ್ ಕಟಿಂಗ್ ಒಂದಿತ್ತು. 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತ್ತಲ್ಲ, ಅದರ ಸುದ್ದಿ. ‘ಅಣ್ಣಾ, ಈಗ ಕಾನೂನೇ ಬಂದಿದೆ, ಬ್ಯಾಂಕಿನವರು ನಿಮ್ಮನ್ನು ಏನೂ ಮಾಡೋ ಹಾಗಿಲ್ಲ’ ಅಂದ ಅಲ್ಲಿದ್ದ ಹುಡುಗ. ಇದು ಶುದ್ಧ ಸುಳ್ಳು. ಆ ಕಾನೂನು ಇರುವುದು ನೋಂದಣಿ ಇಲ್ಲದೆ ಸಾಲ ಕೊಟ್ಟು, ಹೆದರಿಸಿ ಬಡಿದು ವಸೂಲಿ ಮಾಡುವವರ ವಿರುದ್ಧ. ಅಂಥವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಬ್ಯಾಂಕಿನ ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಸಾಲ ಅದರಿಂದ ಮನ್ನಾ ಆಗುವುದಿಲ್ಲ. ಅವತ್ತು ನನಗೆ ಇಷ್ಟು ಗೊತ್ತಿದ್ದಿದ್ದರೆ ಅಲ್ಲಿಂದಲೇ ಎದ್ದು ಬರುತ್ತಿದ್ದೆ.

ಮೊದಲಿಗೆ 18 ಸಾವಿರ ಶುಲ್ಕ. ಆಮೇಲೆ ತಿಂಗಳಿಗೆ 8,500. ‘ಇದು ನಿಮ್ಮ ಹೆಸರಲ್ಲೇ ಕೂಡುತ್ತೆ, ದುಡ್ಡು ಸೇರಿದ ಮೇಲೆ ಬ್ಯಾಂಕಿಗೆ ಒಂದೇ ಗಂಟಲ್ಲಿ ಕೊಟ್ಟು ಅರ್ಧಕ್ಕೆ ಮುಗಿಸ್ತೀವಿ’ ಅಂದರು. 19 ಸಾವಿರದ ಜಾಗದಲ್ಲಿ 8,500 ಅಂದಾಗ ನನ್ನ ಹೆಂಡತಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡೆ. ಸಹಿ ಹಾಕಿದೆ.

ಆಮೇಲೆ ಮಾಡಿಸಿದ ಕೆಲಸಗಳನ್ನು ದಯವಿಟ್ಟು ಗಮನ ಕೊಟ್ಟು ಓದಿ. ಎಲ್ಲಾ ಕಂತು ನಿಲ್ಲಿಸಿ ಅಂದರು. ಬ್ಯಾಂಕ್ ತಾನೇ ಕಂತು ಎಳೆದುಕೊಳ್ಳುವ ಖಾತೆಯನ್ನು ಖಾಲಿ ಇಡಿ, ವ್ಯಾಪಾರದ ದುಡ್ಡನ್ನು ಬೇರೆ ಬ್ಯಾಂಕಿಗೆ ಹಾಕಿ ಅಂದರು. ಬ್ಯಾಂಕಿನ ಫೋನ್ ಬಂದರೆ ಎತ್ತಬೇಡಿ, ನಮ್ಮ ನಂಬರಿಗೆ ಡೈವರ್ಟ್ ಮಾಡಿ ಅಂದರು. ಬಂದ ನೋಟಿಸ್ ಓದುವುದೂ ಬೇಡ, ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕು, ನಮ್ಮ ವಕೀಲರು ನೋಡ್ಕೋತಾರೆ ಅಂದರು. ಹೀಗೆ ನನಗೂ ಬ್ಯಾಂಕಿಗೂ ಇದ್ದ ಮಾತನ್ನೇ ಕಡಿದರು. ನನ್ನನ್ನು ಮುಳುಗಿಸಿದ್ದು ಇದು. ಶುಲ್ಕ ಹೋದದ್ದು ಇದರ ಮುಂದೆ ಸಣ್ಣ ವಿಷಯ.

ಎರಡು ತಿಂಗಳು ನಿಜಕ್ಕೂ ನೆಮ್ಮದಿ ಇತ್ತು. ಮೂರನೇ ತಿಂಗಳು ರಿಕವರಿಯವರು ಅಂಗಡಿಗೇ ಬಂದರು. ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು ಹುಡುಗರು ಸಾಲಾಗಿ ನಿಂತಿದ್ದರು. ಅವರೆದುರಿಗೇ ‘ಸಾಲ ತಗೊಂಡು ಫೋನ್ ಎತ್ತದೆ ಕೂತಿದ್ದೀರಾ?’ ಅಂತ ಗಟ್ಟಿಯಾಗಿ ಕೇಳಿದರು. ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ವಸೂಲಿಯ ಫೋನ್ ಮಾಡಬಾರದು, ಮರ್ಯಾದೆ ಕಳೆಯುವ ಹಾಗೆ ನಡೆದುಕೊಳ್ಳಬಾರದು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಅವರು ಮಾಡಿದ್ದು ತಪ್ಪೇ. ಆದರೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೆಟಲ್‌ಮೆಂಟ್ ಕಚೇರಿಗೆ ಫೋನ್ ಮಾಡಿದರೆ ‘ಇದೆಲ್ಲಾ ಕಾಮನ್ ಅಣ್ಣಾ, ಇನ್ನೆರಡು ತಿಂಗಳು ತಡ್ಕೊಳ್ಳಿ’ ಅಂದರು.

ಆರನೇ ತಿಂಗಳಿಗೆ ವಕೀಲರ ನೋಟಿಸ್ ಬಂತು. ಸಾಲ ಕಟ್ಟಲಾಗದೆ ಹೋಗುವುದು ಅಷ್ಟಕ್ಕೇ ಜೈಲಿಗೆ ಹಾಕುವ ಅಪರಾಧ ಅಲ್ಲ. ಇದು ನಿಜ, ಇದನ್ನೇ ಅವರು ಹೇಳಿ ಧೈರ್ಯ ತುಂಬಿದ್ದರು. ಮುಚ್ಚಿಟ್ಟದ್ದು ಇನ್ನೊಂದು ವಿಷಯ. ಚೆಕ್ ಬೌನ್ಸ್ ಆದರೆ ಕೇಸ್ ಆಗುವ ಹಾಗೆಯೇ, ಖಾತೆಯಲ್ಲಿ ದುಡ್ಡಿಲ್ಲದೆ ಆಟೋ ಡೆಬಿಟ್ ಬೌನ್ಸ್ ಆದರೂ ಕ್ರಿಮಿನಲ್ ಕೇಸ್ ಹಾಕಬಹುದು. 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್. ಎರಡು ವರ್ಷದವರೆಗೆ ಶಿಕ್ಷೆ ಇದೆ. ‘ಖಾತೆ ಖಾಲಿ ಇಡಿ’ ಅಂತ ಹೇಳಿ ನನ್ನನ್ನು ಅದರ ಬಾಯಿಗೇ ತಳ್ಳಿದ್ದರು.

ಎಂಟನೇ ತಿಂಗಳು ವಾಟ್ಸಾಪ್‌ನಲ್ಲಿ ಒಂದು ಪತ್ರ ಬಂತು. ಕಾರ್ಡ್ ಕೊಟ್ಟ ಬ್ಯಾಂಕಿನ ಲೆಟರ್‌ಹೆಡ್, ಸೀಲು, ಸಹಿ. 60 ಸಾವಿರಕ್ಕೆ ಸೆಟಲ್ ಅಂತ. ಈ ಖಾತೆಗೆ ಹಾಕಿ ಅಂತ ಒಂದು ನಂಬರ್. ದಿನಾ ನೂರಾರು ಕಾಗದ ನೋಡುವವನು ನಾನು. ಸೀಲಿನ ಅಂಚು ಕತ್ತರಿಸಿ ಅಂಟಿಸಿದ ಹಾಗೆ ಕಂಡಿತು. ದುಡ್ಡು ಹಾಕದೆ ನೇರ ಆ ಬ್ಯಾಂಕಿನ ಶಾಖೆಗೆ ಹೋದೆ.

ಮ್ಯಾನೇಜರ್ ಮೇಡಂ ಪತ್ರ ನೋಡಿ ‘ಇದು ನಮ್ಮದಲ್ಲ’ ಅಂದರು. ಅಲ್ಲಿದ್ದ ಖಾತೆಯೂ ಬ್ಯಾಂಕಿನದಲ್ಲ. ನನ್ನ ಪರವಾಗಿ ಎಂಟು ತಿಂಗಳಲ್ಲಿ ಯಾರೂ ಮಾತಾಡಿರಲಿಲ್ಲ, ಒಂದೇ ಒಂದು ಇಮೇಲ್ ಬಂದಿತ್ತಂತೆ. 1 ಲಕ್ಷ 10 ಸಾವಿರ ಇದ್ದ ಆ ಕಾರ್ಡಿನ ಬಾಕಿ 1 ಲಕ್ಷ 61 ಸಾವಿರ ಆಗಿತ್ತು. ಮೇಡಂ ಬೈಯಲಿಲ್ಲ. ಒಂದು ಮಾತು ಹೇಳಿದರು. ‘ಕಂತು ತಪ್ಪೋ ಮೊದಲೇ ಬಂದಿದ್ರೆ ಬಾಕಿಯನ್ನ ಕಡಿಮೆ ಬಡ್ಡಿಯ ಇಎಂಐ ಮಾಡಬಹುದಿತ್ತು ಸರ್. ಆಗ ನಿಮ್ಮ ರೆಕಾರ್ಡ್ ಚೆನ್ನಾಗಿತ್ತು.’ ಹೊರಗೆ ಬಂದು ಗಾಡಿ ಸ್ಟಾರ್ಟ್ ಮಾಡಲಿಕ್ಕೂ ಆಗದೆ ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಅವರಿಗೆ ಕೊಟ್ಟದ್ದು ಒಟ್ಟು 86 ಸಾವಿರ. ಕೇಳಲು ಹೋದರೆ ಒಪ್ಪಂದ ತೋರಿಸಿದರು. ‘ನಿಮ್ಮ ಹೆಸರಲ್ಲಿ ಕೂಡುತ್ತೆ’ ಅಂದ ದುಡ್ಡು ಕಾಗದದಲ್ಲಿ ‘ಸಲಹಾ ಶುಲ್ಕ, ವಾಪಸ್ ಇಲ್ಲ’ ಅಂತಿತ್ತು. ಪೊಲೀಸ್ ದೂರು ಕೊಟ್ಟಿದ್ದೇನೆ. ನಕಲಿ ಪತ್ರ ಇದ್ದದ್ದರಿಂದ ದೂರಿಗೆ ಬಲ ಬಂತು. ದುಡ್ಡು ಇನ್ನೂ ಬಂದಿಲ್ಲ. ಇಂಥ ಪತ್ರ ನಂಬಿ ಆನ್‌ಲೈನ್‌ನಲ್ಲಿ ದುಡ್ಡು ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನನಗೆ ದಾರಿ ಸಿಕ್ಕಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ನ್ಯಾಯಾಲಯದಲ್ಲೇ ಇದೆ, 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಲೋಕ ಅದಾಲತ್‌ಗೆ ನನ್ನ ಕಾರ್ಡಿನ ವಿಷಯ ಹಾಕಿಸಿದೆ. ಕೋರ್ಟ್ ಫೀ ಇಲ್ಲ. ಬ್ಯಾಂಕಿನವರೂ ನಾನೂ ಎದುರುಬದುರು ಕೂತು ಮಾತಾಡಿ 98 ಸಾವಿರಕ್ಕೆ ಒಪ್ಪಿದೆವು, ಮೂರು ಕಂತಲ್ಲಿ. ಪರ್ಸನಲ್ ಲೋನ್ ಬಾಕಿಯನ್ನು ಸ್ವಲ್ಪ ಸ್ವಲ್ಪವಾಗಿ ಸರಿಮಾಡುತ್ತಿದ್ದೇನೆ. ಇನ್ನೊಂದು ಕಾರ್ಡನ್ನು ಹೆಂಡತಿಯ ಬಳೆ ಮಾರಿ ಪೂರ್ತಿ ತೀರಿಸಿದೆವು. ಶೇ. 40ರ ಬಡ್ಡಿ ಕಟ್ಟುತ್ತಾ ಬಳೆ ಬೀರುವಿನಲ್ಲಿ ಇಟ್ಟುಕೊಂಡಿದ್ದೆವು, ಅದನ್ನು ಮೊದಲೇ ಯೋಚಿಸಬೇಕಿತ್ತು.

ಸೆಟಲ್‌ಮೆಂಟ್ ಅಂದರೆ ಎಲ್ಲಾ ಸರಿಹೋಯ್ತು ಅಂತಲೂ ಅಲ್ಲ. ಪೂರ್ತಿ ಕಟ್ಟಿದರೆ ನಮ್ಮ ಸಾಲದ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಅಂತ ಬರುತ್ತದೆ. ಕಡಿಮೆಗೆ ಮುಗಿಸಿದರೆ ‘ಸೆಟಲ್ಡ್’. ಅದನ್ನು ನೋಡಿದ ಬ್ಯಾಂಕುಗಳು ಮುಂದೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ಮಗಳಿಗೆ ಎಜುಕೇಷನ್ ಲೋನ್ ಬೇಕಾದಾಗ ಏನಾಗುತ್ತೋ ಅನ್ನುವ ಚಿಂತೆ ನನಗಿದೆ. ಹಾಗಾಗಿ ಮೊದಲು ಅವಧಿ ಹೆಚ್ಚಿಸಿ ಕಂತು ಇಳಿಸಿ ಅಂತ ಕೇಳಿ. ಸೆಟಲ್‌ಮೆಂಟ್ ಕೊನೆಗೆ. ಅದೂ ಬ್ಯಾಂಕ್ ಬರೆದುಕೊಟ್ಟ ಪತ್ರವನ್ನು ಶಾಖೆಯಲ್ಲಿ ತೋರಿಸಿ ಖಚಿತ ಮಾಡಿಕೊಂಡು, ನಿಮ್ಮ ಸಾಲದ ಖಾತೆಗೇ ದುಡ್ಡು ಕಟ್ಟಿ. ಮುಗಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ಬಿಡದೆ ಇಸಿದುಕೊಳ್ಳಿ. ಬ್ಯಾಂಕ್ 30 ದಿನದಲ್ಲಿ ನಿಮ್ಮ ದೂರಿಗೆ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕ ಇಲ್ಲ, 14448ರಲ್ಲಿ ಕೇಳಿದರೆ ಹೇಗೆ ಅಂತ ತಿಳಿಸುತ್ತಾರೆ.

ಮೊದಲು ಹೇಳಿದೆನಲ್ಲ, ಒಪ್ಪಂದ ಹಿಡಿದು ಬಂದವರು, ಅವರು ಹರಿಹರದವರು. ಇನ್ನೂ ಒಂದು ಕಂತೂ ತಪ್ಪಿಲ್ಲ. ಅಂಗಡಿಯಲ್ಲೇ ಕೂತು ಬ್ಯಾಂಕಿಗೆ ಅರ್ಜಿ ಬರೆದರು. ಆದಾಯ ಎಷ್ಟು, ಮನೆ ಖರ್ಚು ಎಷ್ಟು, ತಿಂಗಳಿಗೆ ಎಷ್ಟು ಕಟ್ಟಬಲ್ಲೆ ಅಂತ ಸ್ಪಷ್ಟವಾಗಿ. ಎರಡು ಪ್ರತಿ ತೆಗೆದುಕೊಟ್ಟೆ. ಮರುದಿನ ಮಧ್ಯಾಹ್ನ ಬಂದು, ಒಂದರ ಮೇಲೆ ಬ್ಯಾಂಕಿನ ಸ್ವೀಕೃತಿ ಸೀಲು ಬಿದ್ದದ್ದನ್ನು ತೋರಿಸಿದರು.